ಸೀಟಿನ ಕೆಳಗಿನ ಗಂಟು

ಮತ್ತ ಆ ಗಾಡಿ ಕೆಟ್ಟಿದ್ದಿಲ್ಲ ಅಂತೀನಿ ನಾನು. ಊರ ಮಂದಿ ಏನರ ಅಂದ್ಕೊಳ್ಳಿ, ಶನಿ ಹಿಡದ ಗಾಡಿ ಅಂದ್ರು, ಪಾಪದ ಗಾಡಿ ಅಂದ್ರು, ಹೊಟ್ಟಿಕಿಚ್ಚಿಗೆ ಯಾರೋ ಮಾಟ ಮಾಡಿಸ್ಯಾರ ಅಂದ್ರು, ಇಲ್ಲ, ಗಾಡಿ ಛಲೋ ಗಾಡೀನ ಇತ್ತು. ಯಾಕ ನಗತೀರಿ? ಈ ಕಡೆ ಸರದು ಕುಂದರ್ರಿ. ಆ ಮೊಬೈಲ್ ಕೆಳಗಿಡು ನೀ, ಸೆಕೆಂಡ್ ಹ್ಯಾಂಡ್ ಗಾಡಿ ಫೋಟೋ ನೋಡ್ಕೋತ ಕುಂತೀಯಲ್ಲ, ನಿನಗ ಹೇಳಾಕತ್ತೀನಿ. ಮತ್ತ ಸಣ್ಣಗ ನಗ್ರಿ, ಒಳಗ ರೇಣಕಾ ರೊಟ್ಟಿ ಬಡ್ಯಾಕತ್ಯಾಳ. ನನ್ನ ಸೊಸಿ ಅಂದ್ರ ಸೊಸಿ, ಆಕಿ ಕಿವಿ ನನ್ನ ಕಿವಿಕಿಂತಾ ಸೂಕ್ಷ್ಮ, ಅದಕ್ಕ ನಮ್ಮಿಬ್ಬರಿಗೆ ಸೇರೂದಿಲ್ಲ.

ನಿಮ್ಮವ್ವ ಆಗ ಲಗ್ನಾಗಿ ಯಲಬುರ್ಗಾಕ ಹೋಗಿದ್ಲು, ಆಕಿಗೆ ಇದರಾಗಿಂದು ಅರ್ಧಾ ಗೊತ್ತಿಲ್ಲ, ನಾನೂ ಹೇಳಿಲ್ಲ. ನಿಮ್ಮ ಸೋದರಮಾವ, ಈ ರೇಣಕಾನ ಗಂಡ ಶರಣಪ್ಪಗ ಗಿಣಿಗೇರಾದ ಕಬ್ಬಿಣದ ಫ್ಯಾಕ್ಟರ್‍ಯಾಗ ಕೆಲಸ ಸಿಕ್ಕಿತ್ತು. ಯಾವ ಫ್ಯಾಕ್ಟರಿ ಅಂತ ಕೇಳಬ್ಯಾಡ್ರಿ, ಅಲ್ಲೆ ಎಲ್ಲಾ ಒಂದ ನಮೂನಿ, ಎಲ್ಲಾ ಕಡೆ ಕರೀ ಹೊಗಿ. ಎಷ್ಟ ದಿನಾ ಕಟ್ಟಿ ಮ್ಯಾಲ ಕುಂತು ಮಂದಿ ಕೈಯಾಗ ಅನಿಸಿಕೊಂಡಿದ್ದ ಹುಡುಗ ಅಂವ. "ಶರಣಪ್ಪಾ, ಕಟ್ಟಿ ಸವದೀತೋ, ಏಳೋ" ಅಂತಿದ್ರು ಹೋಗೂ ಬರೂ ಹೆಣ್ಮಕ್ಕಳು ಸುದ್ದಾ. ಅಂಥಂವ ಒಂದಿನಾ ಕೊರಳಾಗ ಫೋಟೋ ಇದ್ದ ಗೇಟ್ ಪಾಸ್ ಹಾಕ್ಕೊಂಡು ಬಂದ ನೋಡ್ರಿ, ನಮ್ಮ ಮನಿತನದಾಗ ಯಾರೂ ಹಾಕ್ಕೊಂಡಿದ್ದಿಲ್ಲ ಅದನ್ನ. ಸಂಜೀಕ ಬಂದ್ರ ಬರೇ ಹಲ್ಲು ಬೆಳ್ಳಗ ಕಾಣತಿದ್ವು, ಮೂಗು ಸೀದಿದ್ರ ಕರ್‍ರಗ ಬರತಿತ್ತು, ಆದ್ರೂ ನಾನು ಬೇಕಂತಲೇ ಅವನ್ನ ಓಣಿ ತುಂಬ ನಡಿಸ್ಕೊಂಡು ಹೋಗತಿದ್ದೆ, ಆ ಪಾಸ್ ಕಾಣಲಿ ಅಂತ. ಆದ್ರ ಕೆಲಸ ಕಂಟ್ರಾಕ್ಟರಂದು, ಕಾಯಂ ಅಲ್ಲ. ನಸೀಕಿನ ಪಾಳಿ ಇದ್ರ ಸೈರನ್ ಹೊಡಿಯೂದ್ರಾಗ ಗೇಟಿನ ಒಳಗ ಇರಬೇಕು. ತಡಾ ಆತಂದ್ರ ಒದರತಾರ, ಮತ್ತ ತಡಾ ಆತಂದ್ರ ಪಾಸ್ ಕಸಗೊಂಡು ಗೇಟಿನ ಹೊರಗ ನಿಂತವರಾಗ ಒಬ್ಬಗ ಕೊಡತಾರ. ನಮ್ಮ ಕಿನ್ನಾಳದಿಂದ ಆ ಹೊತ್ತಿಗೆ ಎಲ್ಲಿ ಬಸ್ಸು? ಹಂಗಾಗಿ ಮೋಟರ್ ಸೈಕಲ್ ಗಾಡಿ ಬೇಕಾತು. ನನ್ನ ಕಿವ್ಯಾಗಿನ ಬೆಂಡ್ವಾಲಿ ಹೋದ್ವು ಆ ಗಾಡಿಗೆ. ಈಗ ನೋಡ್ರಿ, ಕಡ್ಡಿ ಚುಚ್ಕೊಂಡೀನಿ.

ಗಾಡಿ ಯಾರದಂದ್ರ ಮ್ಯಾಲಿನ ಓಣಿ ವಿರುಪಾಕ್ಷಿದು. ಕಾಳಿನ ವ್ಯಾಪಾರದಂವ, ಮೀಸಿಗೆ ಬಣ್ಣಾ ಹಚ್ಚತಿದ್ದ, ಈಗೂ ಹಚ್ಚತಾನ, ಒಂದೊಂದ ಸಲ ತುಟಿಗೂ ಹತ್ತಿರತೈತಿ. ಅವನ ಹೇಣ್ತಿ ಶಾಂತವ್ವ, ಪಾಪದಾಕಿ, ಅಂದ್ರ ಪಾಪದಾಕಿ ಅಂತ ತಿಳಕೊಂಡಿದ್ವಿ ಎಲ್ಲಾರೂ. ವಿರುಪಾಕ್ಷಿ ವಾರದಾಗ ಎರಡು ಸಲ ಗಂಗಾವತಿಗೆ ಹೋಗಾಂವ. ಯಾಕಪಾ ಅಂದ್ರ "ಭತ್ತದ ರೇಟ್ ಕೇಳಾಕ" ಅನ್ನಾಂವ. ರೇಟ್ ಫೋನಿನ್ಯಾಗ ಹೇಳೂದಿಲ್ಲೇನು? ಇಸ್ತ್ರಿ ಅಂಗಿ ಹಾಕ್ಕೊಂಡು, ಅತ್ತರ ಬಡಕೊಂಡು ಕೇಳೂ ರೇಟ್ ಯಾವುದವಾ ಅದು? ಅಲ್ಲೆ ಅಕ್ಕಿ ಮಿಲ್ಲಿನ ಹಿಂದ ಒಬ್ಬಾಕಿ ಅದಾಳ, ತೆಲುಗು ಮಾತಾಡ್ತಾಳ, ಬಾಜೂಕ ಒಂದು ಚಾದ ಅಂಗಡಿ ಇಟ್ಟಾಳ ಅಂತ ನನಗ ಮೊದಲ ಗೊತ್ತಿತ್ತು. ಹೆಂಗ ಗೊತ್ತಿತ್ತು ಅಂದ್ರ ಗೊತ್ತಿತ್ತು, ಅದನ್ಯಾಕ ಕೇಳತೀರಿ. ಆದ್ರ ಈಚೀಚೆ ಅಂವಗ ಗಂಗಾವತಿಗೆ ಹೋಗಾಕ ಆಗವಲ್ದಾಗಿತ್ತು. ಹೊಂಟಾನ, ಬೂದಗುಂಪಾ ಕ್ರಾಸ್ ಹತ್ರ ಗಾಡಿ ನಿಂತ ಬಿಡತೈತಿ, ಅತ್ತರದ ಅಂವ ಬೆವರು ಸುರಸ್ಕೋತ ಗಾಡಿ ನೂಕ್ಕೋತ ವಾಪಸ್ ಬರತಾನ. ನಾವು ಬಾಯಿಗೆ ಸೆರಗ ಹಚ್ಚಿ ನಕ್ಕಿದ್ದೂ ನಕ್ಕಿದ್ದ. ನಕ್ಕು ಅದ ಗಾಡಿ ತಗೊಂಡ್ವಿ ನೋಡ್ರಿ, ಅದು ನಮ್ಮ ಶ್ಯಾಣೇತನ.

"ಗೌರವ್ವತ್ತೀ, ಗಾಡಿ ಅಂದ್ರ ಬಂಗಾರ ಐತಿ, ನಾ ಹೊಸಾದು ತಗೋಬೇಕಂತ ಮಾಡೀನಿ ಅಂತ ಕೊಡಾಕತ್ತೀನಿ, ಇಲ್ಲಾಂದ್ರ ಕೊಡತಿದ್ದಿಲ್ಲ" ಅಂದ ವಿರುಪಾಕ್ಷಿ. ಮತ್ತ ಗಂಗಾವತಿ ದಾರ್‍ಯಾಗ ನಿಲ್ಲತೈತಂತಲ್ಲೋ ಅಂದೆ. "ಏ, ಅದು ಪೆಟ್ರೋಲ್ ಕಲಬೆರಕಿ ಅತ್ತಿ" ಅಂದ. ಕರೀ ಗಾಡಿ, ಟಾಕಿಗೆ ಕೆಂಪ ಪಟ್ಟಿ, ಒರಸಿಟ್ಟಿದ್ದ, ಮಾರಿ ಕಾಣತಿತ್ತು ಅದರಾಗ. ಸೀಟ್ ಎತ್ತಿ ತೋರಿಸಿದ. ಸೀಟಿನ ಕೆಳಗ ಒಂದು ಕರೀ ಡಬ್ಬಿ, ಆ ಡಬ್ಬಿಗೊಂದು ಬಾಯಿ, ಆ ಬಾಯಾಗ ಹಸರ ಅರಿವಿದೊಂದು ಗಂಟು ಹೆಟ್ಟಿತ್ತು, ಅದಕ್ಕ ಕೆಂಪ ನೂಲು ಸುತ್ತಿದ್ರು, ತೆಂಗಿನಕಾಯಿಯಷ್ಟಲ್ಲ, ಒಂದು ಬದ್ನೀಕಾಯಷ್ಟ ಇತ್ತು. "ಇದೇನೋ ತಮ್ಮಾ?" ಅಂತ ಕೇಳಿದೆ. "ಅದು ನಮ್ಮಾಕಿ ಇಟ್ಟಿದ್ದು, ದೃಷ್ಟಿಗೆ ಅಂತ. ಮುಟ್ಟಬ್ಯಾಡ್ರಿ ಅತ್ತಿ, ದೇವರದು" ಅಂದ. ಯಾ ದೇವರದು? ಗುಡಿದೋ ದರ್ಗಾದ್ದೋ ಅವಗ ಗೊತ್ತಿಲ್ಲ, ನಮಗ ಗೊತ್ತಿಲ್ಲ. ನಾ ಕೈ ಮುಗದೆ, ಶರಣಪ್ಪ ಮುಟ್ಟಿ ಕಣ್ಣಿಗೆ ಒತ್ತಿಕೊಂಡ, ರೇಣಕಾ ಚೂರು ಕುಂಕುಮ ಹಚ್ಚಿದ್ಲು, ಸೀಟ್ ಮುಚ್ಚಿದ್ವಿ. ಇಷ್ಟ ಆಗಿದ್ದು, ನೆಪ್ಪಿಟ್ಕೊಳ್ರಿ ಇದನ್ನ.

ಗಾಡಿ ಮನಿ ಮುಂದ ನಿಲ್ಲಿಸಿ ಚಾಲೂ ಮಾಡಿದ್ರ ಗುರ್ ಗುರ್ ಅಂತ ಛಲೋನ ಅಂತಿತ್ತು. ಎಕ್ಸಲೇಟರ್ ತಿರುವಿದ್ರ ಸಾಕು, ಕೆಮ್ಮ. ಹೆಂಗ ಕೆಮ್ಮಂದ್ರ ನಿಮ್ಮಜ್ಜ ಕಡೀಕ ಕೆಮ್ಮತಿದ್ನಲ್ಲ, ಒಳಗಿಂದು ಹೊರಗ ಬರವಲ್ದು, ಹೊರಗಿಂದು ಒಳಗ ಹೋಗವಲ್ದು, ಹಂಗ. ಹಿಂದ ಸೈಲೆನ್ಸರದಾಗ ಕರೀ ಹೊಗಿ, ಮನಿ ಮುಂದಿನ ಬಿಳೀ ಗ್ವಾಡಿ ಕರ್‍ರಗಾತು. ಪೆಟ್ರೋಲ್ ಅಂತೂ ಎಮ್ಮಿ ನೀರು ಕುಡದಂಗ ಕುಡೀತಿತ್ತು. ಏರು ಬಂತಂದ್ರ ನಿಂತ ಬಿಡೂದು. ನಸೀಕ್ಲೆ ಎದ್ದು ರೊಟ್ಟಿ ಕಟ್ಟಿ ಕೊಟ್ಟು ಕಳಿಸಿದ್ರ, ಹೊತ್ತು ಏರೂದ್ರಾಗ ಯಾರರ ಬಂದು ಹೇಳೂದು, "ಗೌರವ್ವ, ನಿನ್ನ ಮಗಾ ದಾರ್‍ಯಾಗ ಗಾಡಿಗೆ ಒದ್ಯಾಕತ್ತಾನ." ಕಿಕ್ ಒದ್ದೊದ್ದು ಕಾಲ ಮೀನಖಂಡ ಬಾತಿರತಿತ್ತು ಹುಡುಗಂದು, ರಾತ್ರಿ ರೇಣಕಾ ಬಿಸಿ ಉಪ್ಪಿನ ಶಾಖಾ ಕೊಡಾಕಿ. ಸೂಪ್ರವೈಜರ್ ಒಂದು ಸಲ ಒದರಿದ, ಮತ್ತೊಂದ ಸಲ ಅರ್ಧಾ ಪಗಾರ ಕಡದ, ಆಮ್ಯಾಲ ಹೇಳಿಬಿಟ್ಟ, "ಶರಣಪ್ಪಾ, ಇನ್ನೊಮ್ಮೆ ಗೇಟ್ ಹಾಕಿದ ಮ್ಯಾಲ ಬಂದಿ ಅಂದ್ರ ಪಾಸ್ ಅಲ್ಲೇ ಬಿಟ್ಟು ಹೋಗಬೇಕ ನೋಡ್."

ಕೊಪ್ಪಳದಾಗ ಬಸ್ ಸ್ಟ್ಯಾಂಡ್ ಕಡೆ ಖಾಜಾ ಅಂತೊಬ್ಬ ಮೇಸ್ತ್ರಿ, ಕೈಕಿಂತಾ ಬಾಯಿ ಮುಂದ ಅವಂದು. ನಾನೂ ಹೋಗಿದ್ದೆ, ಸಂತಿ ಮಾಡ್ಕೊಂಡು ಬರೂದಿತ್ತು. ಪ್ಲಗ್ ಬಿಚ್ಚಿ ತೋರಿಸಿದ, ಕಾಡಿಗಿ ಬಳದಂಗ ಕರ್‍ರಗಿತ್ತು. "ನೋಡು ದೊಡ್ಡವ್ವ, ಇದ ರೋಗ" ಅಂದ. ಒರಸಿ ಹಾಕಿದ, ಎರಡು ದಿನಾ ಓಡಿತು, ಮತ್ತ ಕೆಮ್ಮ. ಮತ್ತ ಹೋದ್ವಿ. ಹೊಸಾ ಪ್ಲಗ್ ಹಾಕಿದ, ಅದೂ ಕರ್‍ರಗಾತು. "ಇದು ಪ್ಲಗ್ ಅಲ್ಲ, ಕಾರ್ಬೇಟರ್" ಅಂದ. ಬಿಚ್ಚಿ ಪೆಟ್ರೋಲ್‌ದಾಗ ತೊಳದು ಗಾಳಿ ಹೊಡದ. ಮತ್ತ ಹೋದ್ವಿ. "ಇದು ಕಾರ್ಬೇಟರ್ ಅಲ್ಲ, ಫಿಲ್ಟರ್" ಅಂದ. ಅದು ಆ ಕರೀ ಡಬ್ಬ್ಯಾಗ ಇರತೈತಂತ, ಮಗ್ಗಲಿನ ಮುಚ್ಚಳಾ ಬಿಚ್ಚಿ ಹಳೇದು ತಗದು ಹೊಸಾದು ಇಟ್ಟ. ಮುಚ್ಚಳಾ ಇನ್ನೂ ಹಾಕಿದ್ದಿಲ್ಲ, ನೆಲದ ಮ್ಯಾಲ ಇತ್ತು, ಗಾಡಿ ಚಾಲೂ ಮಾಡಿ ತಿರುವಿದ್ರ, ಅಯ್ಯಯ್ಯ, ಹುಲಿ ಆಗಿತ್ತ ಹುಲಿ! ಒಂದು ಕೆಮ್ಮಿಲ್ಲ, ಹೊಗಿ ಇಲ್ಲ. ನನ್ನ ಕಣ್ಣಾಗ ನೀರು ಬಂತು, ಖಾಜಾಗ ಚಾ ಕುಡಿಸಿದೆ ನಾನ. ಮುಚ್ಚಳಾ ಹಾಕಿ ತಿರುಪು ಬಿಗಿದ, ಊರ ಕಡೆ ಹೊಂಟ್ವಿ, ಅಂಗಡಿ ದಾಟಿ ಸರ್ಕಲ್ ಬರೂದ್ರಾಗ ಖ್ಹೋ ಅಂತ ಮತ್ತ ಅದ. ಹೊಳ್ಳಿ ನೂಕ್ಕೋತ ಹೋದ್ರ ಅಂವ ಸಿಟ್ಟಿಗೆದ್ದ, ಸೀಟ್ ಎತ್ತಿದ, ಆ ಗಂಟ ನೋಡಿದ, ಕೈ ಹಿಂದಕ್ಕ ತಗೊಂಡ, ತಲಿ ಮ್ಯಾಲ ಕರವಸ್ತ್ರ ಹಾಕ್ಕೊಂಡು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಸೀಟ್ ಮುಚ್ಚಿದ. "ದೊಡ್ಡವ್ವ, ನನ್ನ ಅಂಗಡ್ಯಾಗ ಗಾಡಿ ಛಲೋ ಐತಿ, ನಿಮ್ಮ ಕೈಯಾಗ ಬಂದ ಕೂಡ್ಲೆ ಕೆಡತೈತಿ. ತೊಂದ್ರಿ ಗಾಡ್ಯಾಗಿಲ್ಲ, ನಿಮ್ಮ ಮನ್ಯಾಗ ಏನರ ಐತಿ ನೋಡಸ್ಕೊಳ್ರಿ" ಅಂದ. ಕೇಳಿದ್ರೇನು? ಅಂವ ಹಂಗಂದ ಮ್ಯಾಲ ನಾ ದಾರಿ ತುಂಬ ವಿಚಾರ ಮಾಡ್ಕೋತ ಬಂದೆ, ಮನ್ಯಾಗ ಏನೈತಿ, ಮನ್ಯಾಗ ಹೊಸಾದು ಅಂತ ಇದ್ದಾಕಿ ಸೊಸಿ ಒಬ್ಬಾಕೀನ.

ಆಮ್ಯಾಲ ನಮ್ಮ ಮನ್ಯಾಗ ನಡದ ಮಾತು ನಿಮ್ಮ ಮುಂದ ಏನ ಹೇಳ್ಲಿ. ನಾ ಅಂದೆ, "ಈಕಿ ಬಂದ ಕಾಲಗುಣ." ಆಕಿ ಅಂದ್ಲು, "ಅತ್ತಿ, ಗಾಡಿ ನಾ ಬಂದ ಮ್ಯಾಲ ಬಂದೈತಿ, ನಾಲಿಗಿ ಮಾತ್ರ ಮೊದ್ಲಿಂದನೂ ಇತ್ತು ಈ ಮನ್ಯಾಗ." ಹೆಂಗೈತಿ ಉತ್ತರಾ? ಛಲೋ ಉತ್ತರಾ ಕೊಡತಾಳ ಬಿಡ್ರಿ, ಅದನ್ನ ಒಪ್ಕೋಬೇಕು. ಆದ್ರ ದೇವರ ವಿಷಯದಾಗ ಇಬ್ಬರೂ ಒಂದಾದ್ವಿ. ಅಮಾಸಿ ಬಂತಂದ್ರ ಗಾಡಿ ತೊಳದು, ಗಾಲಿಗೆ ನಿಂಬಿಹಣ್ಣು ಇಟ್ಟು, ಹೂವಿನ ಮಾಲಿ ಹಾಕಿ ಪೂಜಿ ಮಾಡೂದು ಎಲ್ಲಾರ ಮನ್ಯಾಗ ಇದ್ದದ್ದ. ನಾವು ಸೀಟ್ ಎತ್ತಿ ಆ ಗಂಟಿಗೂ ಮಾಡಿದ್ವಿ. ವಿಭೂತಿ ಹಚ್ಚಿದ್ವಿ, ಕಾಯಿ ಒಡದು ಎಳನೀರು ಚಿಮುಕಿಸಿದ್ವಿ. ಗಾಡಿ ಮತ್ತಷ್ಟು ಕೆಮ್ಮಿತು. ಮುಂದಿನ ಅಮಾಸಿಗೆ ಇನ್ನೂ ಜೋರು ಮಾಡಿದ್ವಿ, ಗುಡಿಯಿಂದ ನೂಲು ಮಂತ್ರಿಸಿ ತಂದು ಅದರ ಮ್ಯಾಲ ಸುತ್ತಿದ್ಲು ರೇಣಕಾ, ನಾನೂ ಒಂದೆಳಿ ಸುತ್ತಿದೆ ಅನ್ರಿ. ಬದ್ನೀಕಾಯಷ್ಟ ಇದ್ದದ್ದು ಉಬ್ಬಿ ಉಬ್ಬಿ ಡಬ್ಬಿ ಬಾಯಿಗೆ ಗಟ್ಟಿ ಕುಂತಿತು, ಬಿರಡಿ ಹಾಕಿದಂಗ. ಗಾಡಿ ಈಗ ಓಣಿ ದಾಟೂದಕ್ಕ ಕೆಮ್ಮತಿತ್ತು. ನಾವು ಕೈ ಮುಗದು ಮುಗದು, "ಯಪ್ಪಾ, ಹುಡುಗನ ಕೆಲಸ ಉಳಸು" ಅಂತ ಬೇಡಕೊಂಡಿದ್ದು ಯಾರನ್ನ ಅಂತೀರಿ? ಅದನ್ನ.

ಉಳೀಲಿಲ್ಲ. ಒಂದಿನಾ ನಸೀಕ್ಲೆ ಹೋದಂವ ಮಧ್ಯಾಹ್ನ ಆಗೂದ್ರಾಗ ಗಾಡಿ ನೂಕ್ಕೋತ ಬಂದ. ರೈಲ್ವೆ ಬ್ರಿಡ್ಜಿನ ಏರ್‍ಯಾಗ ನಿಂತ ಬಿಟ್ಟಿತ್ತಂತ, ಏರಿ ಪೂರಾ ನೂಕಿ, ಇಳಿಕಿನ್ಯಾಗ ಹತ್ತಿ ಚಾಲೂ ಮಾಡಾಕ ನೋಡಿ, ಆಗದ, ಅಲ್ಲೆ ಬಿಟ್ಟು ಓಡಿ ಹೋಗ್ಯಾನ. ಗೇಟಿನ ಮುಂದ ನಿಂತಾಗ ಸೈರನ್ ನಿಂತು ಬಿಟ್ಟಿತ್ತಂತ. ಬೈಲಿಲ್ಲಂತ ಯಾರೂ, ಅದ ಹೇಳಿದ ಅಂವ, "ಯವ್ವಾ, ಬೈಲಿಲ್ಲ, ಸುಮ್ನ ಕೈ ಚಾಚಿದ್ರು." ಕೊರಳಾಗ ಆ ನೀಲಿ ದಾರ ಹಂಗ ಜೋತಿತ್ತು, ಪಾಸ್ ಇದ್ದಿದ್ದಿಲ್ಲ. ದಾರ ತಗೀ ಅಂದೆ, ತಗೀಲಿಲ್ಲ, ಹಾಕ್ಕೊಂಡ ಉಂಡ, ಹಾಕ್ಕೊಂಡ ಮಕ್ಕೊಂಡ. ರೇಣಕಾ ಅಳಲಿಲ್ಲ, ಹಿತ್ತಲಕ ಹೋಗಿ ಅವನ ಕರೀ ಅರಿವಿ ಒಗದ್ಲು, ಮತ್ತ ಮತ್ತ ಒಗದ್ಲು, ಇನ್ನ ಅವು ಕರೀ ಆಗೂದಿಲ್ಲ ಅಂತ ಗೊತ್ತಿತ್ತಲ್ಲ.

ನಾಕೈದು ದಿನದ ಮ್ಯಾಲ, ನೋಡ್ರಿ, ಇಲ್ಲೇ ಈ ಕಟ್ಟಿ ಮ್ಯಾಲ ನಾ ಅವರಿ ಸುಲ್ಯಾಕತ್ತಿದ್ದೆ, ಶಾಂತವ್ವ ಬಂದ್ಲು, ಆ ವಿರುಪಾಕ್ಷಿ ಹೇಣ್ತಿ. ತಲಿ ಮ್ಯಾಲ ಸೆರಗು, ಅತ್ತ ಇತ್ತ ನೋಡ್ಕೋತ. "ದೊಡ್ಡವ್ವಾ, ಒಂಚೂರು ಗಾಡಿ ಸೀಟ್ ಎತ್ತಸ್ತೀರೇನು?"

"ಯಾಕವಾ, ಗಾಡಿ ಮಾರಿ ಸೀಟ್ ವಾಪಸ್ ಒಯ್ಯಾಕ ಬಂದೀಯೇನು?"

"ಹಂಗಲ್ರೀ. ಅದರಾಗ ನಂದೊಂದು ಗಂಟೈತಿ. ಅದು ಬೇಕಾಗೇತಿ."

"ದೃಷ್ಟಿ ಗಂಟಲ್ಲೇನು ಅದು?"

ಆಕಿ ಕುಂತ ಬಿಟ್ಲು ನನ್ನ ಮಗ್ಗಲಾಗ, ಸಣ್ಣ ದನಿ ಮಾಡಿದ್ಲು. "ದೃಷ್ಟಿದಲ್ರೀ ದೊಡ್ಡವ್ವಾ, ನಿಮ್ಮ ಮುಂದ ಯಾಕ ಸುಳ್ಳ ಹೇಳ್ಲಿ. ಅವರು ಗಂಗಾವತಿ ದಾರಿ ಹಿಡೀಬಾರದು ಅಂತ ಒಬ್ಬರ ಕಡೆ ಮಾಡಿಸ್ಕೊಂಡು ಬಂದಿದ್ದೆ. ಗಾಡ್ಯಾಗ ಎಲ್ಲೆರ ಗಟ್ಟಿ ಹೆಟ್ಟು, ಬೀಳಬಾರದು ಅಂದಿದ್ರು. ಸೀಟಿನ ಕೆಳಗ ಒಂದು ತೂತು ಇತ್ತು, ಅಳತಿ ತಗೊಂಡಂಗ ಕುಂತಿತು. ಕೆಲಸಾ ಮಾಡತಿತ್ರೀ! ಬೂದಗುಂಪಾ ಕ್ರಾಸ್ ದಾಟಲಿಲ್ಲ ನೋಡ್ರಿ ಗಾಡಿ! ಈಗ ಹೊಸಾದು ತಗೊಂಡಾರ, ವಾರದಾಗ ನಾಕ್ ಸಲ ಹೊಂಟಾರ."

ನನಗ ಅವರಿಕಾಯಿ ಕೈಯಾಗ ನಿಂತ ಬಿಟ್ವು. ಇಂಥಾ ಸುದ್ದಿ ತಾನಾಗಿ ನನ್ನ ಕಟ್ಟಿಗೆ ನಡಕೊಂಡು ಬಂದಾಗ ನಾ ಎಷ್ಟ ಖುಷಿ ಪಡಬೇಕಿತ್ತು, ಬ್ಯಾರೆ ದಿನಾ ಆಗಿದ್ರ ಓಣಿ ತುಂಬ ಹಂಚಿ ಬರತಿದ್ದೆ. ಶರಣಪ್ಪ ಒಳಗ ಬಾಗ್ಲದ ಹಿಂದ ಮಕ್ಕೊಂಡಿದ್ದ, ಎಲ್ಲಾ ಕೇಳಿಸಿಕೊಂಡಾನ. ಎದ್ದು ಬಂದು ಸೀಟ್ ಎತ್ತಿದ. ಶಾಂತವ್ವ ಎಳದ್ಲು, ಬರಲಿಲ್ಲ. ನಮ್ಮ ಎಳನೀರು, ನಮ್ಮ ವಿಭೂತಿ, ನಮ್ಮ ನೂಲು, ಎಲ್ಲಾ ಕೂಡಿ ಸಿಮೆಂಟ್ ಆಗಿತ್ತು. ಇಬ್ಬರೂ ಕೂಡಿ ಎಳದ್ರು, ಟಪ್ ಅಂತ ಬಂತು. ಒಳಗ ಏನೂ ಇದ್ದಿದ್ದಿಲ್ಲ ನೋಡ್ರಿ, ಹತ್ತಿ, ಬೂದಿ, ಒಂದು ತಗಡಿನ ಚೂರು. ಆಕಿ ಅದನ್ನ ಸೆರಗಿನ್ಯಾಗ ಮುಚ್ಕೊಂಡು, "ಯಾರ ಮುಂದೂ ಅನಬ್ಯಾಡ್ರಿ ದೊಡ್ಡವ್ವಾ" ಅಂತ ಹೋದ್ಲು. ಶರಣಪ್ಪ ಕಿಕ್ ಒದ್ದ. ಒಂದ ಕಿಕ್ಕಿಗೆ ಹತ್ತಿತು. ತಿರುವಿದ, ಕೆಮ್ಮಿಲ್ಲ. ಪೂರಾ ತಿರುವಿದ, ಓಣಿ ಗ್ವಾಡಿ ನಡಗಿದ್ವು, ಹೊಗಿ ಇಲ್ಲ.

ಬಂದ್ ಮಾಡಿ ಅಲ್ಲೆ ಕುಂತ. "ಯವ್ವಾ, ಅದರ ಮೂಗು ಮುಚ್ಚಿತ್ತು. ಅದು ಉಸರಾಡೂ ತೂತು. ಗಾಳಿ ಇಲ್ಲದ ಬರೇ ಪೆಟ್ರೋಲ್ ಕುಡೀತಿತ್ತು ಅದು. ಖಾಜಾ ಮುಚ್ಚಳಾ ಬಿಚ್ಚಿದಾಗ ಮಗ್ಗಲಿಂದ ಗಾಳಿ ಹೋತು, ಅದಕ್ಕ ಓಡಿತು." ಮತ್ತ ಅಂದ, "ಖಾಜಾ ನೋಡಿದ್ದ ಗಂಟು. ನೀ ನೋಡಿದ್ದಿ. ನಾ ಪೆಟ್ರೋಲ್ ಹಾಕಸೂ ಮುಂದೆಲ್ಲಾ ಮುಟ್ಟಿ ನಮಸ್ಕಾರ ಮಾಡತಿದ್ದೆ."

ನಾ ಅಂದೆ, ಆತು ಬಿಡೋ, ನಾಳೆ ಗಾಡಿ ಹತ್ತಿ ಹೋಗು, ಹಿಂಗಾಗಿತ್ರಿ ಸಾಹೇಬ್ರ ಅಂತ ಹೇಳು, ತಗೋತಾರ. ಹುಡುಗಗ ಚೂರು ಆಸೆ ಬಂತು. ನಸೀಕ್ಲೆ ಜಳಕಾ ಮಾಡಿ, ಆ ನೀಲಿ ದಾರ ಕೊರಳಾಗ ಹಾಕ್ಕೊಂಡು ಹೋದ. ಏರಿ ಗೀರಿ ಏನೂ ಗೊತ್ತಾಗಲಿಲ್ಲಂತ, ಬಾಣದಂಗ ಹೋತಂತ ಗಾಡಿ, ಸೈರನ್ ಹೊಡಿಯೂದಕ್ಕ ಇನ್ನೂ ಎಷ್ಟೋ ಹೊತ್ತಿತ್ತಂತ. ಗೇಟಿನ ವಾಚ್‌ಮನ್ ಕೇಳಿದ್ನಂತ, "ಏನೋ ಶರಣಪ್ಪಾ, ಗಾಡಿ ಛಲೋ ಆದಂಗೈತಿ?" "ಹೌದ್ರಿ, ಭಾಳ ಛಲೋ ಆತು. ಸೂಪ್ರವೈಜರ್ ಸಾಹೇಬ್ರನ್ನ ಭೇಟಿ ಆಗಬೇಕಿತ್ತು." "ಆಗಿ ಏನ್ಮಾಡ್ತಿ? ನಿನ್ನ ಜಾಗಾಕ್ಕ ಹೊರಗಿನ ಕಡೆ ಹುಡುಗ ಒಬ್ಬಂವ ಬಂದಾನ, ಅಲ್ಲೇ ಒಳಗ ಮಕ್ಕೋತಾನ, ಅವಗ ಗಾಡೀನ ಬೇಕಾಗಿಲ್ಲ." ಅಂವ ಅಲ್ಲೇ ನಿಂತು ಪಾಳಿ ಮಂದಿ ಒಳಗ ಹೋಗೂದು ಪೂರಾ ನೋಡ್ಯಾನ, ಸೈರನ್ ಹೊಡದ ಮ್ಯಾಲ ಗಾಡಿ ತಿರುವಿ ಬಂದಾನ. ಆ ದಾರ ಎಲ್ಲಿ ಬಿಟ್ಟು ಬಂದ್ನೋ, ಆಮ್ಯಾಲ ನಾ ನೋಡಿಲ್ಲ ಅದನ್ನ.

ಈಗ ಏನ್ಮಾಡ್ತಾನ ಅಂದ್ರ, ಗಂಗಾವತಿ ಕಡೆ ಮಿಲ್ಲಿನ್ಯಾಗ ಚೀಲಾ ಹೊರತಾನ. ಗಾಡಿ ಈಗ ಎಲ್ಲೂ ನಿಲ್ಲೂದಿಲ್ಲ, ಬೂದಗುಂಪಾ ಕ್ರಾಸ್ ಗೊತ್ತಾಗಲಾರದಂಗ ದಾಟತೈತಿ. ಮೊದಮೊದಲ ದಿನಾ ಬರತಿದ್ದ, ಆಮ್ಯಾಲ ವಾರಕ್ಕೊಮ್ಮೆ, ಈಗ ಬಂದ್ರ ಬಂದ, ಇಲ್ಲಾಂದ್ರ ಇಲ್ಲ. ಬಂದಾಗ ಇಸ್ತ್ರಿ ಅಂಗಿ. ಚೀಲಾ ಹೊರಾಂವಗ ಇಸ್ತ್ರಿ ಯಾಕಪಾ ಅಂತ ಬಾಯಿ ತನಕಾ ಬರತೈತಿ, ಕೇಳೂದಿಲ್ಲ. ವಿರುಪಾಕ್ಷೀನ ಕೇಳಿದ್ರ ಹೇಳ್ಯಾನು ಏನೇನೋ, ಅಂವನೂ ಅಲ್ಲೇ ತಿರಗತಿರತಾನ, ಯಾಕಂದ್ರ ಹೊಸಾ ಗಾಡ್ಯಾಗ ಆ ತೂತ ಎಲ್ಲೈತೋ ಶಾಂತವ್ವಗ ಸಿಕ್ಕಿಲ್ಲಂತ, ಗಂಟು ಸುಮ್ನ ಸೀಟಿನ ಕೆಳಗ ಬಿದ್ದೈತಿ. ಆದ್ರ ಅಂವನ್ನ ಕಂಡ್ರ ನಾ ಈಗ ಆ ಕಡೆ ಓಣಿ ಹಿಡೀತೀನಿ.

ಮೊನ್ನೆ, ಸಣ್ಣಗ ಹೇಳತೀನಿ, ಕಿವಿ ಇತ್ತ ತರ್ರಿ. ಮೊನ್ನೆ ಸಂಜೀಕ ಮ್ಯಾಲಿನ ಓಣಿ ಕಡೆಯಿಂದ ಬರಾಕತ್ತಿದ್ದೆ, ಶಾಂತವ್ವನ ಹಿತ್ತಲ ಬಾಗ್ಲಾಗ ಇಬ್ಬರು ನಿಂತಿದ್ರು, ತಲಿಗೆ ತಲಿ ಹಚ್ಚಿ. ಒಬ್ಬಾಕಿ ಶಾಂತವ್ವ. ಇನ್ನೊಬ್ಬಾಕಿ ನಮ್ಮ ರೇಣಕಾ. ಶಾಂತವ್ವ ಏನೋ ಸೆರಗಿನ್ಯಾಗಿಂದ ತಗದು ಆಕಿ ಕೈಯಾಗ ಇಟ್ಲು. ಇಡೀ ಕಿನ್ನಾಳದ ಸುದ್ದಿ ಕೇಳಾಕಿ ನಾನು, ಗ್ವಾಡಿಗೆ ಕಿವಿ ಹಚ್ಚಾಕಿ ನಾನು, ಆವತ್ತು ಕೆಮ್ಮ ಬಂದ್ರೂ ಕೆಮ್ಮಲಾರದ, ಕಾಲ ಸಪ್ಪಳಾ ಮಾಡಲಾರದ ಹೊಳ್ಳಿ ಬಂದೆ. ಇನ್ನೂ ಕೇಳಿಲ್ಲ ಆಕೀನ. ಶರಣಪ್ಪ ಮುಂದಿನ ಸಲ ಬಂದಾಗ ಗಾಡಿ ಕೆಮ್ಮತೈತೋ ಇಲ್ಲೋ ಅಂತ ಕಟ್ಟಿ ಮ್ಯಾಲ ಕುಂತು ಕಿವಿ ಕೊಟ್ಟೀನಿ, ಅಷ್ಟ. ಕೆಮ್ಮಲಿ ಅಂತೀನೋ ಬ್ಯಾಡ ಅಂತೀನೋ, ನನಗ ತಿಳಿವಲ್ದು.

ಹಳೇ ಗಾಡಿ ತಗೊಂಡ್ರ ಮೊದಲ ಸೀಟ್ ಎತ್ತಿ ನೋಡು, ಏನರ ಗಂಟು ಕಂಡ್ರ ಕೈ ಮುಗದು ಮುಚ್ಚಬ್ಯಾಡ, ಕಿತ್ತು ಹೊರಗಿಟ್ಟು ಆಮ್ಯಾಲ ಕೈ ಮುಗಿ. ಏಳ್ರಿ ಇನ್ನ, ರೊಟ್ಟಿ ಆರಾಕತ್ತಾವ, ಒಳಗ ರೊಟ್ಟಿ ಬಡಿಯೂ ಸಪ್ಪಳಾ ಯಾವಾಗೋ ನಿಂತೈತಿ.